ಹಬ್ಬದ ಉಡುಗೊರೆಯ ಲೆಕ್ಕ

ಸಂಸಾರದ ಲೆಕ್ಕದಲ್ಲಿ ಎರಡು ಬಗೆಯ ಅಂಕೆಗಳಿರುತ್ತವೆ. ಪರರು ನಿರ್ಣಯಿಸಿ ನಮ್ಮ ಕೈಗೆ ಕೊಡುವ ಅಂಕೆ ಒಂದು. ಮನೆಯವರೇ ಕುಳಿತು ನಿರ್ಣಯಿಸಬೇಕಾದ ಅಂಕೆ ಇನ್ನೊಂದು. ಖೋಲಿಯ ಬಾಡಿಗೆ, ವಿದ್ಯುತ್ತಿನ ಬಿಲ್ಲು, ಲೋಕಲ್ ಗಾಡಿಯ ಪಾಸು, ಅಡಿಗೆ ಅನಿಲದ ಬೆಲೆ ಇವೆಲ್ಲ ಮೊದಲನೆಯ ಬಗೆಯವು. ಇವುಗಳ ವಿಷಯದಲ್ಲಿ ತಂದೆತಾಯಿಗಳು ನಿಟ್ಟುಸಿರು ಬಿಡಬಹುದೇ ಹೊರತು ವಿಚಾರ ಮಾಡಬೇಕಾದುದು ಹೆಚ್ಚಿಲ್ಲ. ಆದರೆ ದೀಪಾವಳಿಗೋ ಕ್ರಿಸ್ಮಸ್ಸಿಗೋ ಮಕ್ಕಳಿಗೆ ಏನು ಕೊಡಬೇಕು, ಎಷ್ಟರ ಮಟ್ಟಿಗೆ ಕೊಡಬೇಕು ಎಂಬ ಅಂಕೆಯನ್ನು ಯಾವ ಕಚೇರಿಯೂ ಬರೆದು ಕಳುಹಿಸುವುದಿಲ್ಲ. ಅದನ್ನು ಮನೆಯಲ್ಲಿಯೇ ಕಂಡುಹಿಡಿಯಬೇಕು. ಒಂದು ಕಡೆ ಮಿತಿಯಿಲ್ಲದ ಪ್ರೀತಿ, ಇನ್ನೊಂದು ಕಡೆ ಮಿತಿಯುಳ್ಳ ಜೇಬು. ಇವೆರಡರ ನಡುವೆ ಒಂದು ಗೆರೆ ಎಳೆಯಬೇಕು. ಆದಕಾರಣವೇ ಈ ಲೆಕ್ಕ ನೋಡಲು ಚಿಕ್ಕದಾದರೂ ಮಾಡಲು ಕಠಿಣವಾದುದು.

ವಿದ್ಯಾರ್ಥಿಗಳಾದ ನೀವು ಈಗ ಈ ಲೆಕ್ಕದಲ್ಲಿ ಪಡೆಯುವವರ ಪಕ್ಷದಲ್ಲಿದ್ದೀರಿ. ಇನ್ನು ಹತ್ತು ಹದಿನೈದು ವರ್ಷಗಳಲ್ಲಿ ಕೊಡುವವರ ಪಕ್ಷಕ್ಕೆ ಬರುವಿರಿ. ಎರಡು ಪಕ್ಷಗಳಿಗೂ ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ವಿವರಿಸಲು ನಾವು ಉದ್ದೇಶಿಸಿದ್ದೇವೆ.

ಮುಂಬಯಿಯಲ್ಲಿ ಬೆಳೆಯುವ ಕನ್ನಡದ ಮಗುವಿಗೆ ಊರಿನ ಮಗುವಿಗಿಂತ ಹೆಚ್ಚು ಹಬ್ಬಗಳು ಕಣ್ಣಿಗೆ ಬೀಳುತ್ತವೆ. ನಮ್ಮ ದೀಪಾವಳಿಯಲ್ಲಿ ಎಣ್ಣೆಸ್ನಾನವೂ ಹೊಸ ಬಟ್ಟೆಯೂ ಉಂಟು. ಅದೇ ಹಬ್ಬದ ಕೊನೆಯಲ್ಲಿ ನೆರೆಯ ಮರಾಠಿಗರ ಮನೆಯಲ್ಲಿ ಭಾವುಬೀಜ ಬರುತ್ತದೆ. ತಂಗಿ ಆರತಿ ಎತ್ತಿದ ತಟ್ಟೆಗೆ ಅಣ್ಣನು ಓವಾಳಣಿ ಹಾಕುತ್ತಾನೆ. ಈದ್ ಬಂದಾಗ ಮಹಮ್ಮದೀಯರ ಮಕ್ಕಳು ಹಿರಿಯರಿಂದ ಈದಿ ಎಂಬ ಕಾಣಿಕೆಯ ಹಣವನ್ನು ಪಡೆಯುತ್ತಾರೆ. ದಶಂಬರದಲ್ಲಿ ಬಾಂದ್ರಾದ ಹಿಲ್ ರೋಡಿನ ಅಂಗಡಿಗಳು ನಕ್ಷತ್ರದ ದೀಪಗಳಿಂದ ಬೆಳಗುತ್ತವೆ. ಮಂಗಳೂರು ಕಡೆಯಿಂದ ಬಂದ ಕ್ರೈಸ್ತರ ಮನೆಗಳಲ್ಲಿ ನೆವ್ರಿ, ಕಿಡಿಯೊ, ಗುಳಿಯೊ ಮೊದಲಾದ ಕುಸ್ವಾರದ ತಿಂಡಿಗಳು ಸಿದ್ಧವಾಗಿ ತಟ್ಟೆ ತಟ್ಟೆಯಾಗಿ ನೆರೆಮನೆಗಳಿಗೆ ಹೋಗುತ್ತವೆ. ಹೀಗೆ ಒಂದೇ ಚಾಳಿನ ಒಂದೇ ಮಹಡಿಯಲ್ಲಿ ವರ್ಷಕ್ಕೆ ನಾಲ್ಕಾರು ಸಲ ಯಾರೋ ಒಬ್ಬರ ಮಕ್ಕಳ ಕೈಯಲ್ಲಿ ಹೊಸ ವಸ್ತು ಕಾಣಿಸಿಕೊಳ್ಳುತ್ತದೆ. ಇದು ನಗರದ ಸೊಬಗು. ಮನೆಯ ಯಜಮಾನನಿಗೆ ಇದೇ ನಗರದ ಪರೀಕ್ಷೆಯೂ ಹೌದು.

‘ಉಡುಗೊರೆ’ ಎಂಬ ನಮ್ಮ ಮಾತಿನಲ್ಲಿಯೇ ‘ಉಡು’ ಎಂಬ ಶಬ್ದ ಕೇಳಿಸುತ್ತದೆ. ಹಿಂದೆ ಕೊಡುವುದೆಂದರೆ ಮುಖ್ಯವಾಗಿ ಬಟ್ಟೆ ಕೊಡುವುದೇ ಆಗಿತ್ತು. ವರ್ಷಕ್ಕೊಂದು ಸಲ ಬಟ್ಟೆ ಹೊಲಿಸುವ ಮನೆಗಳಲ್ಲಿ ಹಬ್ಬದ ಅಂಗಿಯೇ ಶಾಲೆಯ ಅಂಗಿಯೂ ಆಗುತ್ತಿತ್ತು. ಅಲ್ಲಿ ‘ಎಷ್ಟು ಖರ್ಚು ಮಾಡೋಣ’ ಎಂಬ ಪ್ರಶ್ನೆಗೆ ಎಡೆ ಕಡಿಮೆ. ಬೇಕಾದುದನ್ನು ಬೇಕಾದ ಕಾಲದಲ್ಲಿ ಕೊಳ್ಳುವುದಕ್ಕೆ ಹಬ್ಬವು ನೆಪವಾಗಿತ್ತು, ಅಷ್ಟೆ. ಉತ್ತರ ಕರ್ನಾಟಕದ ನಾಗರಪಂಚಮಿಯಲ್ಲಿ ಮಕ್ಕಳಿಗೆ ಸಿಗುತ್ತಿದ್ದುದು ಬಗೆಬಗೆಯ ಉಂಡಿ ಮತ್ತು ಮರದ ಕೊಂಬೆಗೆ ಕಟ್ಟಿದ ಜೋಕಾಲಿ. ಉಂಡಿಯ ಎಳ್ಳು ಕಡಲೆ ಹೊಲದ್ದು, ಜೋಕಾಲಿಯ ಹಗ್ಗ ಬಾವಿಯದು. ಮುಂಬಯಿಯಲ್ಲಿ ಹಗ್ಗ ಕೊಂಡರೂ ಕಟ್ಟುವುದಕ್ಕೆ ಕೊಂಬೆ ಸಿಗುವುದು ದುರ್ಲಭ. ಆದುದರಿಂದ ಇಲ್ಲಿ ಸಂತೋಷವನ್ನೂ ಅಂಗಡಿಯಿಂದಲೇ ತರಬೇಕಾದ ಪ್ರಸಂಗ ಹೆಚ್ಚು.

ಯುರೋಪು ಖಂಡದ ಕ್ರಿಸ್ಮಸ್ಸಿನ ಇತಿಹಾಸವೂ ಇದೇ ಮಾತನ್ನು ಹೇಳುತ್ತದೆ. ಇಂದಿನ ತುರ್ಕಿ ದೇಶಕ್ಕೆ ಸೇರಿದ ಮೈರಾ ಎಂಬ ಊರಿನಲ್ಲಿ ನಾಲ್ಕನೆಯ ಶತಮಾನದಲ್ಲಿ ನಿಕೊಲಾಸ್ ಎಂಬ ಬಿಷಪ್ ಇದ್ದರು. ಬಡತನದಿಂದ ಮದುವೆಯಾಗಲಾರದೆ ಇದ್ದ ಮೂವರು ಕನ್ಯೆಯರ ಮನೆಗೆ ಅವರು ರಾತ್ರಿಯ ವೇಳೆ ಗುಟ್ಟಾಗಿ ಹಣದ ಗಂಟನ್ನು ಹಾಕಿ ಹೋದರೆಂದು ಕಥೆಯುಂಟು. ಮಕ್ಕಳಿಗೆ ಉಡುಗೊರೆ ತರುವ ಸಾಂತಾಕ್ಲಾಸ್ ಅಜ್ಜನ ಮೂಲಪುರುಷರು ಅವರೇ. ಕಥೆಯಲ್ಲಿ ಕೊಟ್ಟದ್ದು ಆಟಿಕೆಯಲ್ಲ, ಇಲ್ಲದವರಿಗೆ ಅತ್ಯಗತ್ಯವಾಗಿದ್ದ ಸಹಾಯ. ಕೊಟ್ಟವರ ಹೆಸರು ತಿಳಿಯಬಾರದೆಂಬುದೇ ಅದರ ಹಿರಿಮೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕಾರಖಾನೆಗಳು ಬೆಳೆದು ಆಟಿಕೆಗಳು ರಾಶಿಯಾಗಿ ತಯಾರಾಗತೊಡಗಿದ ಮೇಲೆ, ಪ್ರತಿಯೊಂದು ಮಗುವಿಗೂ ಅಂಗಡಿಯ ಉಡುಗೊರೆ ಬೇಕೆಂಬ ರೂಢಿ ಬಲಿಯಿತು. ಅಂಗಡಿಯೊಡನೆ ಬೆಲೆಯ ಚೀಟಿಯೂ, ಬೆಲೆಯ ಚೀಟಿಯೊಡನೆ ‘ಎಷ್ಟು’ ಎಂಬ ಪ್ರಶ್ನೆಯೂ ಬಂದುವು.

ಮುಂಬಯಿಯ ಕೆಲಸಗಾರರ ಮನೆಗಳಲ್ಲಿ ಈ ಪ್ರಶ್ನೆಗೆ ಬಹುಕಾಲದಿಂದ ಒಂದೇ ಉತ್ತರ: ‘ಬೋನಸ್ಸು ಬರಲಿ, ನೋಡೋಣ’. ಈ ಬೋನಸ್ಸಿನ ಕಥೆಯನ್ನು ನೀವು ತಿಳಿದಿರಬೇಕು. ಏಕೆಂದರೆ ಅದು ನಮ್ಮ ಈ ನಗರದಲ್ಲಿಯೇ ಬೆಳೆದ ಕಥೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಪದಾರ್ಥಗಳ ಬೆಲೆ ಏರಿದಾಗ ಮುಂಬಯಿಯ ಬಟ್ಟೆಯ ಗಿರಣಿಗಳು ೧೯೧೭ರಲ್ಲಿ ಕೂಲಿಯ ಮೇಲೆ ಶೇಕಡಾ ೧೦ರಷ್ಟು ಯುದ್ಧದ ಬೋನಸ್ಸನ್ನು ಕೊಡತೊಡಗಿದುವು. ತರುವಾಯ ಕೆಲವು ವರ್ಷ ಲಾಭದಲ್ಲಿ ಪಾಲಾಗಿ ವಾರ್ಷಿಕ ಬೋನಸ್ಸೂ ದೊರೆಯಿತು. ೧೯೨೩ರಲ್ಲಿ ಮಾಲಿಕರು ಇನ್ನು ಅದಿಲ್ಲವೆಂದರು. ೧೯೨೪ರ ಜನವರಿಯಿಂದ ಮಾರ್ಚಿಯವರೆಗೆ ಸುಮಾರು ಒಂದೂವರೆ ಲಕ್ಷ ಕೆಲಸಗಾರರು ಮುಷ್ಕರ ಹೂಡಿದರು. ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶ ಸರ್ ನಾರ್ಮನ್ ಮ್ಯಾಕ್ಲಿಯಡ್ ಅವರ ಅಧ್ಯಕ್ಷತೆಯ ಸಮಿತಿ, ಬೋನಸ್ಸನ್ನು ಹಕ್ಕೆಂದು ಕೇಳಲು ಕಾನೂನಿನ ಆಧಾರವಿಲ್ಲವೆಂದು ತೀರ್ಮಾನಿಸಿತು. ಆ ಆಧಾರ ದೊರೆಯಲು ಇನ್ನೂ ನಾಲ್ವತ್ತು ವರ್ಷ ಬೇಕಾಯಿತು. ೧೯೬೫ರಲ್ಲಿ ಬೋನಸ್ ಪಾವತಿಯ ಕಾನೂನು ಹುಟ್ಟಿತು. ಕನಿಷ್ಠ ಬೋನಸ್ಸು ಮೊದಲು ಶೇಕಡಾ ೪ ಇದ್ದುದು ಮುಂದೆ ಶೇಕಡಾ ೮.೩೩ ಆಯಿತು, ಗರಿಷ್ಠ ಶೇಕಡಾ ೨೦. ೨೦೧೯ರ ವೇತನ ಸಂಹಿತೆಯೂ ಇವೇ ಅಂಕೆಗಳನ್ನು ಉಳಿಸಿಕೊಂಡಿದೆ. ೮.೩೩ ಎಂಬ ಈ ವಿಚಿತ್ರ ಅಂಕೆ ಎಲ್ಲಿಂದ ಬಂತೆಂದು ಕೇಳುವಿರಾ? ೧೦೦ನ್ನು ೧೨ರಿಂದ ಭಾಗಿಸಿ ನೋಡಿರಿ. ವರ್ಷದ ಹನ್ನೆರಡು ಸಂಬಳಗಳ ಮೇಲೆ ಹದಿಮೂರನೆಯದೊಂದು ಎಂಬುದೇ ಅದರ ಅರ್ಥ.

ಈ ಹದಿಮೂರನೆಯ ಸಂಬಳದಿಂದಲೇ ಗಿರಣಗಾಂವಿನ ಪರೇಲು, ಲಾಲಬಾಗು, ವರಳಿಯ ಚಾಳುಗಳಲ್ಲಿ ಹಬ್ಬದ ದೀಪ ಉರಿಯುತ್ತಿತ್ತು. ೧೯೮೨ನೆಯ ಇಸವಿಯ ಜನವರಿ ೧೮ರಂದು ದತ್ತಾ ಸಾಮಂತರ ಮುಂದಾಳುತನದಲ್ಲಿ ಗಿರಣಿಗಳ ಮಹಾಮುಷ್ಕರ ಆರಂಭವಾಯಿತು. ಸುಮಾರು ಎರಡೂವರೆ ಲಕ್ಷ ಕೆಲಸಗಾರರು ಹೊರಗುಳಿದರು. ಆ ವರ್ಷದ ದೀಪಾವಳಿ ಬಂದಾಗ ಆ ಮನೆಗಳಲ್ಲಿ ಸಂಬಳವೂ ಇಲ್ಲ, ಬೋನಸ್ಸೂ ಇಲ್ಲ. ಬೋನಸ್ಸನ್ನು ನಂಬಿ ಹಬ್ಬ ಮಾಡುವ ಮನೆಗೆ ಬೋನಸ್ಸು ಬರದ ವರ್ಷವೂ ಒಂದು ಇರುತ್ತದೆ ಎಂಬ ಪಾಠ ಅಲ್ಲಿದೆ. ಇನ್ನು ಇಪ್ಪತ್ತು ಮಂದಿಗಿಂತ ಕಡಿಮೆ ಕೆಲಸಗಾರರಿರುವ ಸಣ್ಣ ಹೋಟೆಲು, ಸಣ್ಣ ಅಂಗಡಿಗಳಿಗೆ ಆ ಕಾನೂನು ಸಾಮಾನ್ಯವಾಗಿ ಅನ್ವಯಿಸುವುದೇ ಇಲ್ಲ. ಪರರ ಮನೆಗೆಲಸ ಮಾಡುವ ತಾಯಂದಿರಿಗೆ ಸಿಗುವುದು ಆ ಮನೆಯವರ ಮರ್ಜಿಯಷ್ಟು. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರ ಮನೆಗಳು ಇಂಥವೇ ಎಂಬುದನ್ನು ಹೇಳಬೇಕಾದುದಿಲ್ಲ.

ಬೋನಸ್ಸು ಇಲ್ಲದಲ್ಲಿ ಸಾಲ ಬಾಗಿಲು ತಟ್ಟುತ್ತದೆ. ೧೯೨೯ರಲ್ಲಿ ನೇಮಕವಾದ ಭಾರತದ ಕಾರ್ಮಿಕರ ರಾಯಲ್ ಕಮಿಷನ್ ೧೯೩೧ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಬಹುತೇಕ ಕೈಗಾರಿಕಾ ಕೇಂದ್ರಗಳಲ್ಲಿ ಮೂರರಲ್ಲಿ ಎರಡು ಪಾಲಿಗೆ ಕಡಿಮೆಯಿಲ್ಲದಷ್ಟು ಕೆಲಸಗಾರರ ಸಂಸಾರಗಳು ಸಾಲದಲ್ಲಿವೆ ಎಂದೂ, ಹೆಚ್ಚಿನವರ ಸಾಲ ಮೂರು ತಿಂಗಳ ಕೂಲಿಯನ್ನು ಮೀರಿದೆ ಎಂದೂ ಆ ವರದಿ ತಿಳಿಸಿತು. ಹಬ್ಬಗಳೂ, ವಿಶೇಷವಾಗಿ ಮದುವೆಗಳೂ ಈ ಸಾಲದ ಕಾರಣಗಳಲ್ಲಿ ಎಣಿಕೆಗೆ ಬಂದಿದ್ದುವು. ಆಗಿನ ರೂಢಿಯ ಬಡ್ಡಿ ರೂಪಾಯಿಗೆ ತಿಂಗಳಿಗೆ ಒಂದಾಣೆ. ಕೇಳಲು ಎಷ್ಟು ಚಿಕ್ಕದು! ಹದಿನಾರು ಆಣೆಗೆ ಒಂದು ರೂಪಾಯಿ. ಹನ್ನೆರಡು ತಿಂಗಳಿಗೆ ಹನ್ನೆರಡಾಣೆ ಬಡ್ಡಿ. ಎಂದರೆ ವರ್ಷಕ್ಕೆ ಶೇಕಡಾ ೭೫. ‘ಒಂದಾಣೆ’ ಎಂದು ಹೇಳಿದವನು ‘ಮುಕ್ಕಾಲು ರೂಪಾಯಿ’ ಎಂದು ಹೇಳಿದ್ದರೆ ಎಷ್ಟೋ ಮಂದಿ ಹಿಂದೆ ಸರಿಯುತ್ತಿದ್ದರು.

ಆಣೆ ಹೋಯಿತು, ಆದರೆ ಆ ಜಾಣತನ ಹೋಗಲಿಲ್ಲ. ಇಂದು ‘ನೂರಕ್ಕೆ ಮೂರು’ ಎಂದು ಸಾಲಗಾರ ಮೆಲ್ಲನೆ ಹೇಳುತ್ತಾನೆ. ‘ತಿಂಗಳಿಗೆ’ ಎಂಬ ಮಾತನ್ನು ಇನ್ನೂ ಮೆಲ್ಲನೆ ಹೇಳುತ್ತಾನೆ. ಮಕ್ಕಳಿಗಾಗಿ ೫,೦೦೦ ರೂಪಾಯಿ ಸಾಲ ತಂದರೆ ತಿಂಗಳಿಗೆ ೧೫೦, ವರ್ಷಕ್ಕೆ ೧,೮೦೦ ರೂಪಾಯಿ ಬರಿಯ ಬಡ್ಡಿ. ಮುಂದಿನ ದೀಪಾವಳಿ ಬರುವ ಹೊತ್ತಿಗೆ ಆ ಮನೆ ೬,೮೦೦ ರೂಪಾಯಿ ಕೊಡಬೇಕಾಗಿದೆ. ಉಡುಗೊರೆಯ ಬಣ್ಣವಾದರೋ ಸಂಕ್ರಾಂತಿಗೆ ಮೊದಲೇ ಮಾಸಿರುತ್ತದೆ. ಇನ್ನು ಅಂಗಡಿಗಳಲ್ಲಿ ‘ಬಡ್ಡಿಯಿಲ್ಲದ ಕಂತು’ ಎಂಬ ಫಲಕವನ್ನು ನೀವು ನೋಡಿರಬಹುದು. ಶೂನ್ಯ ಬಡ್ಡಿ ಎಂಬುದೇ ಇಲ್ಲ, ಬಡ್ಡಿಯನ್ನು ಶುಲ್ಕವೆಂಬ ಬೇರೆ ಹೆಸರಿನಲ್ಲಿ ಅಡಗಿಸಿರುತ್ತಾರೆ ಎಂದು ಭಾರತೀಯ ರಿಸರ್ವ್ ಬ್ಯಾಂಕು ೨೦೧೩ರಲ್ಲಿಯೇ ಬ್ಯಾಂಕುಗಳನ್ನು ಎಚ್ಚರಿಸಿತು. ನಗದು ಕೊಟ್ಟರೆ ಬೆಲೆಯೆಷ್ಟು, ಕಂತಿನಲ್ಲಿ ಒಟ್ಟು ಎಷ್ಟು ಎಂಬ ಎರಡು ಪ್ರಶ್ನೆಗಳನ್ನು ಕೇಳಿ ಕಳೆದುನೋಡಿದರೆ ಬಡ್ಡಿ ಎಲ್ಲಿ ಅಡಗಿದೆ ಎಂಬುದು ಮೂರನೆಯ ಇಯತ್ತೆಯ ಮಗುವಿಗೂ ತಿಳಿಯುವುದು.

ಹಾಗಾದರೆ ಸರಿಯಾದ ಅಂಕೆಯನ್ನು ಕಂಡುಹಿಡಿಯುವುದು ಹೇಗೆ? ಹೆಚ್ಚಿನ ಮನೆಗಳಲ್ಲಿ ಮೊದಲು ಉಡುಗೊರೆಯನ್ನು ನಿಶ್ಚಯಿಸಿ, ಉಳಿದುದರಲ್ಲಿ ಮಿಕ್ಕ ಖರ್ಚುಗಳನ್ನು ತೂಗಿಸಲು ನೋಡುತ್ತಾರೆ. ಕ್ರಮ ತಿರುವುಮುರುವಾಗಬೇಕು. ಮೊದಲು ಕಳೆಯಬೇಕಾದುದನ್ನೆಲ್ಲ ಕಳೆದು, ಉಳಿದುದೇ ಉಡುಗೊರೆ ಎನ್ನಬೇಕು. ಒಂದು ಸಂಸಾರವನ್ನು ಕಲ್ಪಿಸಿಕೊಳ್ಳೋಣ. ತಂದೆ ಉಪನಗರದ ಒಂದು ಕಾರಖಾನೆಯಲ್ಲಿ ಕೆಲಸಕ್ಕಿದ್ದಾರೆ, ತಾಯಿ ಮನೆಯಲ್ಲಿ ಹೊಲಿಗೆ ಮಾಡುತ್ತಾರೆ, ಮಕ್ಕಳು ಮೂವರು. ತಿಂಗಳ ಆದಾಯ ತಿಂಗಳ ಖರ್ಚಿಗೆ ಸರಿಹೋಗುತ್ತದೆ. ಹಬ್ಬಕ್ಕೆಂದು ೭,೦೦೦ ರೂಪಾಯಿ ಬೋನಸ್ಸು ಬಂದಿದೆ. ಅದರಲ್ಲಿ ಹಬ್ಬದ ಎಣ್ಣೆ, ಹಿಟ್ಟು, ಬೆಲ್ಲ, ಹಣತೆಗಳಿಗೆ ೧,೨೦೦, ಉಳಿದುದು ೫,೮೦೦. ಊರಿನಲ್ಲಿರುವ ಅಜ್ಜ ಅಜ್ಜಿಯರ ಬಟ್ಟೆಗೆ ೧,೩೦೦, ಉಳಿದುದು ೪,೫೦೦. ಬರುವ ಜೂನಿನಲ್ಲಿ ಪುಸ್ತಕ, ಸಮವಸ್ತ್ರ, ಕೊಡೆಗಳಿಗಾಗಿ ಈಗಲೇ ತೆಗೆದಿಡಬೇಕಾದುದು ೧,೫೦೦, ಉಳಿದುದು ೩,೦೦೦. ಜ್ವರ, ಕೆಮ್ಮುಗಳೆಂಬ ಕರೆಯದ ಅತಿಥಿಗಳಿಗಾಗಿ ೬೦೦. ಕೊನೆಗೆ ಉಳಿದುದು ೨,೪೦೦. ಇದೇ ಆ ಮನೆಯ ಅಂಕೆ. ನೆರೆಯವರ ಅಂಕೆಯನ್ನೂ ಜಾಹೀರಾತಿನ ಅಂಕೆಯನ್ನೂ ಇಲ್ಲಿ ತರಬೇಕಾದುದಿಲ್ಲ. ‘ಹಾಸಿಗೆಯಿದ್ದಷ್ಟು ಕಾಲು ಚಾಚು’ ಎಂದು ಹಿರಿಯರು ಹೇಳಿದರು. ಹಾಸಿಗೆಯ ಉದ್ದವನ್ನು ಅಳೆಯುವ ವಿಧಾನ ಇದು.

ಬೋನಸ್ಸು ಬಾರದ ಮನೆಯವರು ಈ ೨,೪೦೦ನ್ನು ೧೨ರಿಂದ ಭಾಗಿಸಲಿ. ತಿಂಗಳಿಗೆ ೨೦೦ ರೂಪಾಯಿ ಬಂತು. ಹಬ್ಬದ ಮರುದಿನದಿಂದ ಮುಂದಿನ ಹಬ್ಬದವರೆಗೆ ತಿಂಗಳಿಗೆ ಇಷ್ಟನ್ನು ಪ್ರತ್ಯೇಕವಾಗಿ ಇಟ್ಟರೆ ಅದು ತನಗೆ ತಾನೇ ಕೊಟ್ಟುಕೊಳ್ಳುವ ಬೋನಸ್ಸು. ಅದನ್ನು ಯಾವ ಮುಷ್ಕರವೂ ತಡೆಯಲಾರದು. ತಿಂಗಳಿಗೆ ೨೦೦ ಆಗದಿದ್ದರೆ ೧೦೦ ಆಗಲಿ. ಹಬ್ಬಕ್ಕೆ ೧,೨೦೦ ಆದರೂ ಸಾಲವಿಲ್ಲದೆ ಬಂದ ೧,೨೦೦.

ಅಂಕೆ ದೊರೆತ ಮೇಲೆ ಹಂಚಿಕೆಯ ಪ್ರಶ್ನೆ ಏಳುತ್ತದೆ. ೨,೪೦೦ನ್ನು ಮೂರರಿಂದ ಭಾಗಿಸಿದರೆ ಒಬ್ಬೊಬ್ಬರಿಗೆ ೮೦೦. ಗಣಿತ ಇಲ್ಲಿಗೆ ಮುಗಿಯಿತು. ನ್ಯಾಯ ಇಲ್ಲಿಂದ ಆರಂಭವಾಗುತ್ತದೆ. ಹತ್ತನೆಯ ಇಯತ್ತೆಯ ಹಿರಿಯ ಮಗಳ ಪಾದರಕ್ಷೆ ಹರಿದಿದೆ, ಅದಕ್ಕೆ ೧,೧೦೦ ಬೇಕು. ಎರಡನೆಯವನಿಗೆ ೮೦೦ರ ಅಂಗಿ ಚಡ್ಡಿ. ಐದು ವರ್ಷದ ಕಿರಿಯವಳು ೫೦೦ರ ಬೊಂಬೆಯಿಂದಲೇ ಸಂತುಷ್ಟಳು. ಮೂರನ್ನೂ ಕೂಡಿಸಿರಿ, ೨,೪೦೦ ಸರಿಯಾಗಿದೆ. ಸಮಪಾಲಿಗಿಂತ ಇದು ಒಳ್ಳೆಯ ಪಾಲು. ಆದರೆ ಎರಡು ಷರತ್ತುಗಳುಂಟು. ಹೆಚ್ಚು ಕೊಡುವುದು ಅಗತ್ಯವನ್ನು ನೋಡಿ ಆಗಬೇಕೇ ಹೊರತು ಗಂಡುಮಗ, ಹೆಣ್ಣುಮಗಳು ಎಂಬ ಭೇದವನ್ನು ನೋಡಿ ಆಗಬಾರದು. ಮತ್ತು ಕಾರಣವನ್ನು ಮಕ್ಕಳೆದುರಿಗೆ ಬಾಯಿಬಿಟ್ಟು ಹೇಳಬೇಕು. ಕಾರಣ ತಿಳಿಯದ ಮಗು ಬೆಲೆಯ ವ್ಯತ್ಯಾಸವನ್ನು ಪ್ರೀತಿಯ ವ್ಯತ್ಯಾಸವೆಂದು ಓದಿಕೊಳ್ಳುತ್ತದೆ. ಆ ತಪ್ಪು ಓದು ಬಹುಕಾಲ ಮನಸ್ಸಿನಲ್ಲಿ ಉಳಿಯುತ್ತದೆ.

ಬೆಲೆ ಹೆಚ್ಚಾದಷ್ಟೂ ಸಂತೋಷ ಹೆಚ್ಚೇ? ಅಮೆರಿಕೆಯ ಅರ್ಥಶಾಸ್ತ್ರಜ್ಞ ಜೋಯೆಲ್ ವಾಲ್ಡ್‌ಫೋಗೆಲ್ ಅವರು ಈ ಪ್ರಶ್ನೆಯನ್ನು ಕ್ರಿಸ್ಮಸ್ಸಿನ ಉಡುಗೊರೆಗಳಿಗೆ ಅನ್ವಯಿಸಿ ೧೯೯೩ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ಅವರು ವಿದ್ಯಾರ್ಥಿಗಳನ್ನು ಕೇಳಿದ್ದು ಇಷ್ಟೆ: ನಿಮಗೆ ಬಂದ ಉಡುಗೊರೆಗಳ ಅಂಗಡಿಯ ಬೆಲೆ ಎಷ್ಟಿರಬಹುದು? ಕೊಟ್ಟವರ ಮೇಲಿನ ಮಮತೆಯನ್ನು ಬದಿಗಿಟ್ಟು ನೋಡಿದರೆ ಅವು ನಿಮಗೆ ಎಷ್ಟು ಬಾಳುತ್ತವೆ? ಎರಡು ಅಂಕೆಗಳನ್ನು ಹೋಲಿಸಿದಾಗ ಉಡುಗೊರೆಗಳ ಬೆಲೆಯಲ್ಲಿ ಹತ್ತನೆಯ ಒಂದು ಪಾಲಿನಿಂದ ಮೂರನೆಯ ಒಂದು ಪಾಲಿನವರೆಗೆ ನಷ್ಟವಾಗಿ ಹೋಗುತ್ತದೆ ಎಂದು ಅವರು ಕಂಡರು. ಎಂದರೆ ೯೦೦ ರೂಪಾಯಿಯ ಉಡುಗೊರೆ ಪಡೆದವನ ಪಾಲಿಗೆ ೮೧೦ರಿಂದ ೬೦೦ ರೂಪಾಯಿಯ ವಸ್ತುವಾಗಿ ಇಳಿಯುತ್ತದೆ. ನಷ್ಟವು ದೂರದ ಬಂಧುಗಳು ಕೊಟ್ಟ ವಸ್ತುಗಳಲ್ಲಿ ಹೆಚ್ಚು, ಹತ್ತಿರದ ಸ್ನೇಹಿತರು ಕೊಟ್ಟವುಗಳಲ್ಲಿ ಕಡಿಮೆ. ಅಭಿಪ್ರಾಯ ಸ್ಪಷ್ಟವಾಗಿದೆ. ಹಣವನ್ನು ಉಳಿಸುವುದು ಅಗ್ಗದ ವಸ್ತುವಲ್ಲ, ಪಡೆಯುವವನನ್ನು ಬಲ್ಲ ತಿಳಿವಳಿಕೆ. ಮಗುವಿಗೆ ಏನು ಬೇಕೆಂಬುದನ್ನು ಬಲ್ಲ ತಾಯಿ ೫೦೦ರಲ್ಲಿ ಮಾಡುವುದನ್ನು, ಬಲ್ಲದ ಚಿಕ್ಕಪ್ಪ ೧,೫೦೦ರಲ್ಲಿಯೂ ಮಾಡಲಾರ. ಮಮತೆಯ ಬೆಲೆಯನ್ನು ಆ ಪಂಡಿತರು ಬೇಕೆಂದೇ ಲೆಕ್ಕದಿಂದ ಹೊರಗಿಟ್ಟರು ಎಂಬುದನ್ನು ಮಾತ್ರ ಮರೆಯಬಾರದು. ಅದು ಅಂಗಡಿಯಲ್ಲಿ ತೂಗುವ ಪದಾರ್ಥವಲ್ಲ.

ಇಷ್ಟೆಲ್ಲ ತಿಳಿದ ಮೇಲೂ ಲೆಕ್ಕವನ್ನು ಕೆಡಿಸುವುದು ಒಂದೇ ಒಂದು ಸಂಗತಿ: ನಾಚಿಕೆ. ದೀಪಾವಳಿಯ ರಜೆ ಮುಗಿದು ಶಾಲೆ ತೆರೆದಾಗ ‘ನಾವು ಆಚರಿಸಿದ ದೀಪಾವಳಿ’ ಎಂಬ ಪ್ರಬಂಧವನ್ನು ಬರೆಸುವ ರೂಢಿ ಬಹು ಶಾಲೆಗಳಲ್ಲಿ ಉಂಟು. ಅಂಥ ಪ್ರಬಂಧಗಳನ್ನು ತಿದ್ದುವಾಗ ಒಂದು ಸಲ ನಾವು ಒಬ್ಬ ಹುಡುಗನ ಬರೆಹದಲ್ಲಿ ಹೊಸ ಸೈಕಲ್ಲಿನ ವರ್ಣನೆಯನ್ನು ಓದಿದೆವು. ಅದರ ಕೆಂಪು ಬಣ್ಣ, ಗಂಟೆಯ ದನಿ, ಹಿಂದಿನ ಗಾಲಿಯ ದೀಪ ಎಲ್ಲವನ್ನೂ ಅವನು ಸೊಗಸಾಗಿ ಬರೆದಿದ್ದ. ಮನೆಯಲ್ಲಿ ಅಂಥ ಸೈಕಲ್ಲು ಇರಲಿಲ್ಲ. ಅವನ ತಂದೆ ಆ ವರ್ಷ ನಾಲ್ಕು ತಿಂಗಳು ಕೆಲಸವಿಲ್ಲದೆ ಇದ್ದರೆಂಬುದು ನಮಗೆ ಗೊತ್ತಿತ್ತು. ನಾವು ಕಾಗುಣಿತವನ್ನು ಮಾತ್ರ ತಿದ್ದಿ, ವರ್ಣನೆ ಚೆನ್ನಾಗಿದೆ ಎಂದು ಅಂಚಿನಲ್ಲಿ ಬರೆದೆವು. ಅವನು ಸುಳ್ಳು ಬರೆದದ್ದು ಸೈಕಲ್ಲಿನ ಆಸೆಯಿಂದಲ್ಲ. ತರಗತಿಯಲ್ಲಿ ಎಲ್ಲರೂ ತಮ್ಮ ತಮ್ಮ ಪ್ರಬಂಧವನ್ನು ಗಟ್ಟಿಯಾಗಿ ಓದುವಾಗ ತನ್ನ ತಂದೆ ಚಿಕ್ಕವನಾಗಿ ಕಾಣಬಾರದೆಂಬ ಅಭಿಮಾನದಿಂದ. ಇದೇ ಅಭಿಮಾನ ತಂದೆಯಲ್ಲಿಯೂ ಇರುತ್ತದೆ. ಮಗ ತರಗತಿಯಲ್ಲಿ ಚಿಕ್ಕವನಾಗಬಾರದೆಂದು ತಂದೆ ನೂರಕ್ಕೆ ಮೂರರ ಸಾಲಕ್ಕೆ ಕೈಯೊಡ್ಡುತ್ತಾನೆ. ಒಬ್ಬರ ಮಾನವನ್ನು ಕಾಯಲು ಇನ್ನೊಬ್ಬರು ಕಷ್ಟಪಡುತ್ತಾರೆ. ಇಬ್ಬರೂ ಪರಸ್ಪರ ಮಾತನಾಡುವುದಿಲ್ಲ. ಒಂದು ಸಂಜೆ ಕುಳಿತು ಮೇಲೆ ಹೇಳಿದ ಕಳೆಯುವ ಲೆಕ್ಕವನ್ನು ಇಬ್ಬರೂ ಕೂಡಿ ಮಾಡಿದರೆ ಸುಳ್ಳೂ ಬೇಕಾಗುವುದಿಲ್ಲ, ಸಾಲವೂ ಬೇಕಾಗುವುದಿಲ್ಲ.

ಮುಂಬಯಿಗೆ ದುಡಿಯಲು ಬಂದ ನಮ್ಮಂಥವರಿಗೆ ನಾಚಿಕೆಯ ಇನ್ನೊಂದು ಬಾಗಿಲೂ ಉಂಟು. ಅದು ಊರಿನ ಬಾಗಿಲು. ೧೯೯೮ರಲ್ಲಿ ಕೊಂಕಣ ರೈಲು ಮಂಗಳೂರಿನ ತನಕ ಓಡತೊಡಗಿದ ಮೇಲೆ ಕರಾವಳಿಯವರಿಗೆ ಊರು ಹತ್ತಿರವಾಯಿತು. ಸೊಲ್ಲಾಪುರದ ದಾರಿಯ ಗಾಡಿಗಳು ಉತ್ತರ ಕರ್ನಾಟಕದವರನ್ನು ಮೊದಲಿನಿಂದಲೂ ಒಯ್ಯುತ್ತಿವೆ. ಬೇಸಗೆಯ ರಜೆಯಲ್ಲಿ ಗಾಡಿಯಿಂದಿಳಿದವರ ಕೈಚೀಲವನ್ನು ಊರಿನ ಮಕ್ಕಳು ಮೊದಲು ನೋಡುತ್ತಾರೆ, ಮುಖವನ್ನು ಆಮೇಲೆ ನೋಡುತ್ತಾರೆ. ‘ಮುಂಬಯಿಯವರು’ ಎಂದ ಮೇಲೆ ಕೈ ತುಂಬಿರಬೇಕೆಂಬ ನಂಬಿಕೆ ಊರಿನಲ್ಲಿ ಬಲವಾಗಿದೆ. ಹತ್ತಕ್ಕೆ ಹನ್ನೆರಡಡಿಯ ಖೋಲಿಯಲ್ಲಿ ಆರು ಮಂದಿ ಮಲಗುವುದು ಊರಿಗೆ ಕಾಣುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಮುಯ್ಯಿ ಎಂಬ ಪದ್ಧತಿಯುಂಟು. ಮದುವೆಯಲ್ಲಿ ಯಾರು ಎಷ್ಟು ಓದಿಸಿದರೆಂದು ಬರೆದಿಟ್ಟು, ಅವರ ಮನೆಯ ಕಾರ್ಯದಲ್ಲಿ ಹಿಂದಿರುಗಿಸುತ್ತಾರೆ. ಅದರಲ್ಲಿ ಒಂದು ವಿವೇಕವಿದೆ: ಕೊಡುಕೊಳ್ಳುವಿಕೆ ಎರಡೂ ಮನೆಗಳ ಶಕ್ತಿಗೆ ತಕ್ಕಂತೆ ನಡೆಯುತ್ತದೆ. ಮುಂಬಯಿಯವರು ಒಂದು ವರ್ಷ ಬೀಗುವುದಕ್ಕಾಗಿ ಶಕ್ತಿ ಮೀರಿ ಕೊಟ್ಟರೆ ಊರಿನ ಬಡ ಬಂಧುವು ಹಿಂದಿರುಗಿಸುವ ಭಾರದಲ್ಲಿ ಕುಗ್ಗುತ್ತಾನೆ. ಮುಂದಿನ ವರ್ಷ ಅಷ್ಟೇ ಕೊಡಬೇಕಾಗಿ ಬಂದು ಕೊಟ್ಟವನೂ ಕುಗ್ಗುತ್ತಾನೆ. ಮೊದಲನೆಯ ವರ್ಷವೇ ಮಿತವಾಗಿ ಕೊಟ್ಟವನಿಗೆ ಈ ತೊಂದರೆ ಇಲ್ಲ.

ಇನ್ನು ಏನನ್ನು ಕೊಳ್ಳಬೇಕು ಎಂಬ ವಿಷಯದಲ್ಲಿ ನಾಲ್ಕು ಮಾತು ಸಾಕು. ಸುಟ್ಟು ಬೂದಿಯಾಗುವುದಕ್ಕೆ ಹಾಕಿದ ಹಣ ಎಲ್ಲಕ್ಕಿಂತ ಬೇಗ ಮುಗಿಯುತ್ತದೆ. ೨೦೧೮ರಲ್ಲಿ ಸರ್ವೋಚ್ಚ ನ್ಯಾಯಾಲಯವು ದೀಪಾವಳಿಯ ಪಟಾಕಿಯನ್ನು ರಾತ್ರಿ ೮ರಿಂದ ೧೦ರವರೆಗಿನ ಎರಡೇ ಗಂಟೆಗಳಿಗೆ ಸೀಮಿತಗೊಳಿಸಿದುದು ಗಾಳಿಯ ಹಿತಕ್ಕಾಗಿ. ಜೇಬಿಗೂ ಅದರಿಂದ ಹಿತವಾದರೆ ಯಾರೂ ಅಳಬೇಕಾದುದಿಲ್ಲ. ಆಟಿಕೆ ಕೊಳ್ಳುವಾಗ ಐ.ಎಸ್.ಐ. ಗುರುತನ್ನು ನೋಡಬೇಕು, ೨೦೨೧ರ ಜನವರಿಯಿಂದ ಅದು ಕಡ್ಡಾಯವಾಗಿದೆ. ಕ್ರಾಫರ್ಡ್ ಮಾರ್ಕೆಟ್ಟಿನ ಸುತ್ತಣ ಬೀದಿಗಳಲ್ಲಿ ಅಗ್ಗವಾದ ಪ್ಲಾಸ್ಟಿಕ್ಕಿನ ವಸ್ತುಗಳು ರಾಶಿಯಾಗಿವೆ. ಒಂದು ವಾರ ಬಾಳುವ ೧೦೦ ರೂಪಾಯಿಯ ವಸ್ತುವಿಗಿಂತ ಮೂರು ವರ್ಷ ಬಾಳುವ ೩೦೦ರ ವಸ್ತು ಅಗ್ಗವೆಂಬುದು ಭಾಗಾಕಾರ ಬಲ್ಲವನಿಗೆ ತಿಳಿಯದೆ ಇರದು. ಹಾಲೆಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿದ ನಮ್ಮ ಚನ್ನಪಟ್ಟಣದ ಬೊಂಬೆಗಳು ಅಣ್ಣನಿಂದ ತಮ್ಮನಿಗೆ ಇಳಿಯುವಷ್ಟು ಗಟ್ಟಿ. ಪುಸ್ತಕವಾದರೋ ಮೂವರು ಓದಿದರೂ ಸವೆಯುವುದಿಲ್ಲ. ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು ಸಿದ್ಧಪಡಿಸಿದರು, ೧೯೫೭ರಲ್ಲಿ ಸ್ಥಾಪಿತವಾದ ನ್ಯಾಷನಲ್ ಬುಕ್ ಟ್ರಸ್ಟ್ ಕಡಿಮೆ ಬೆಲೆಯ ಮಕ್ಕಳ ಪುಸ್ತಕಗಳನ್ನು ಕನ್ನಡದಲ್ಲಿಯೂ ಪ್ರಕಟಿಸುತ್ತ ಬಂದಿದೆ. ಮುಂಬಯಿಯಲ್ಲಿ ಕನ್ನಡವನ್ನು ಓದುವ ಮಗುವಿಗೆ ಕನ್ನಡದ ಪುಸ್ತಕಕ್ಕಿಂತ ಉಚಿತವಾದ ಉಡುಗೊರೆ ಬೇರೆ ಯಾವುದು?

ಕಳೆದು ನೋಡಿದಾಗ ಕೊನೆಗೆ ಸೊನ್ನೆ ಉಳಿಯುವ ವರ್ಷವೂ ಬರಬಹುದು. ಆಗ ಹಬ್ಬವಿಲ್ಲವೆಂದಲ್ಲ. ಈ ನಾಡಿನ ಮಕ್ಕಳು ದೀಪಾವಳಿಯಲ್ಲಿ ಅಂಗಳದ ಮೂಲೆಯಲ್ಲಿ ಮಣ್ಣು ಕಲ್ಲುಗಳಿಂದ ಶಿವಾಜಿ ಮಹಾರಾಜನ ಕೋಟೆಯನ್ನು ಕಟ್ಟುತ್ತಾರೆ. ಇಳಿಜಾರಿನಲ್ಲಿ ಸಾಸಿವೆ ಚೆಲ್ಲಿ ಹಸುರು ಬರಿಸುತ್ತಾರೆ, ಬಾಗಿಲಲ್ಲಿ ಮಣ್ಣಿನ ಸೈನಿಕರನ್ನು ನಿಲ್ಲಿಸುತ್ತಾರೆ. ಅದಕ್ಕೆ ತಗಲುವ ವೆಚ್ಚ ಬಹು ಕಡಿಮೆ. ಬೇಕಾದುದು ನಾಲ್ಕು ದಿನದ ಕೆಲಸ ಮತ್ತು ಎಂಟು ಮಂದಿ ಗೆಳೆಯರು. ಮಾಹೀಮಿನ ಕಂದೀಲು ಗಲ್ಲಿಯಲ್ಲಿ ಬಿದಿರಕಡ್ಡಿ ಬಣ್ಣದ ಕಾಗದಗಳಿಂದ ಮಾಡಿದ ಆಕಾಶಕಂದೀಲುಗಳನ್ನು ನೋಡಿ ಬಂದು ಅಂಥದನ್ನೇ ಮನೆಯಲ್ಲಿ ಅಂಟಿಸಬಹುದು. ಆ ಕಂದೀಲು ಸ್ವಲ್ಪ ಓರೆಯಾಗಿದ್ದರೂ ಅದರ ಕೆಳಗೆ ನಿಂತವರಿಗೆ ಬೆಳಕು ಅಷ್ಟೇ ಬೀಳುವುದು. ತಂದೆಯು ರಜೆಯ ದಿನ ಮಕ್ಕಳ ಜೊತೆಯಲ್ಲಿ ಕುಳಿತು ಅದರ ಕಡ್ಡಿ ಕಟ್ಟಿಕೊಟ್ಟರೆ, ಆ ಎರಡು ಗಂಟೆಗಳೂ ಉಡುಗೊರೆಯೇ. ಬೆಳಗಿನ ಐದು ಗಂಟೆಗೆ ಮನೆಬಿಟ್ಟು ರಾತ್ರಿಯ ಕೊನೆಯ ಲೋಕಲ್ಲಿನಲ್ಲಿ ಮರಳುವ ಹೋಟೆಲ್ ಕೆಲಸದವರಿಗೆ ಅದಕ್ಕಿಂತ ದುಬಾರಿಯಾದುದು ಬೇರೊಂದಿಲ್ಲ.

ವಿದ್ಯಾರ್ಥಿಗಳಾದ ನೀವು ಈ ಲೆಕ್ಕದಲ್ಲಿ ಮಾಡಬಹುದಾದ ಕೆಲಸಗಳೂ ಇವೆ. ಬೇಕಾದುದನ್ನು ಹಬ್ಬದ ಹಿಂದಿನ ದಿನ ಹೇಳದೆ ಎರಡು ತಿಂಗಳು ಮೊದಲೇ ಹೇಳಿರಿ. ಸಮಯವಿದ್ದರೆ ಹಣ ಕೂಡೀತು. ವಸ್ತುವನ್ನು ಕೇಳಿರಿ, ಕಂಪೆನಿಯ ಹೆಸರನ್ನು ಕೇಳಬೇಡಿರಿ. ‘ಈ ಸಲ ಎಷ್ಟು?’ ಎಂದು ಮನೆಯ ಅಂಕೆಯನ್ನು ಕೇಳಿ ತಿಳಿದುಕೊಳ್ಳಿರಿ, ಅದರೊಳಗೆ ಆರಿಸಿಕೊಳ್ಳಿರಿ. ನೆರೆಯ ಮಗುವಿನ ಕೈಯಲ್ಲಿ ಏನೂ ಇಲ್ಲದಿದ್ದರೆ ‘ನಿನಗೇನು ಬಂತು?’ ಎಂದು ಕೇಳಬೇಡಿರಿ. ನಿಮ್ಮದನ್ನು ಅದರೊಡನೆ ಆಡಿರಿ. ಹತ್ತು ವರ್ಷ ತುಂಬಿದ ಮಗು ಅಂಚೆ ಕಚೇರಿಯಲ್ಲಿ ೫೦೦ ರೂಪಾಯಿಯಿಂದ ತನ್ನ ಹೆಸರಿನಲ್ಲಿಯೇ ಉಳಿತಾಯದ ಖಾತೆಯನ್ನು ತೆರೆಯಬಹುದು. ೧೯೨೪ರಲ್ಲಿ, ಮುಂಬಯಿಯ ಗಿರಣಿಗಳು ಬೋನಸ್ಸಿನ ಪ್ರಶ್ನೆಯಿಂದ ನಿಂತ ಆ ವರ್ಷದಲ್ಲಿಯೇ, ಇಟಲಿಯ ಮಿಲಾನ್ ನಗರದಲ್ಲಿ ಸೇರಿದ ಉಳಿತಾಯದ ಅಂತರರಾಷ್ಟ್ರೀಯ ಸಮ್ಮೇಳನವು ಅಕ್ಟೋಬರ ೩೧ನ್ನು ಮಿತವ್ಯಯದ ದಿನವೆಂದು ಸಾರಿತು; ನಮ್ಮ ದೇಶದಲ್ಲಿ ಅದನ್ನು ಅಕ್ಟೋಬರ ೩೦ರಂದು ಆಚರಿಸುತ್ತಾರೆ. ಅದು ಸಾಮಾನ್ಯವಾಗಿ ನಮ್ಮ ದೀಪಾವಳಿಯ ಆಸುಪಾಸಿನಲ್ಲಿಯೇ ಬರುತ್ತದೆ. ಓವಾಳಣಿ, ಈದಿ, ಅಜ್ಜಿಯ ಕೈಯ ಹತ್ತು ರೂಪಾಯಿ ಎಲ್ಲವೂ ಆ ಖಾತೆಗೆ ಸೇರಲಿ.

ಸಾರಾಂಶವಿಷ್ಟು. ಉಡುಗೊರೆಯ ಅಂಕೆಯನ್ನು ಆದಾಯದಿಂದ ಆರಂಭಿಸಿ ಕಳೆಯುತ್ತ ಕಂಡುಹಿಡಿಯಬೇಕು. ಆಸೆಯಿಂದ ಆರಂಭಿಸಿ ಕೂಡಿಸುತ್ತ ಹೋಗಬಾರದು. ಅಗತ್ಯವನ್ನು ನೋಡಿ ಹಂಚಬೇಕು, ಕಾರಣವನ್ನು ಹೇಳಬೇಕು. ಸಾಲದಿಂದ ತಂದ ಉಡುಗೊರೆಯ ಬೆಲೆಯನ್ನು ಕೊನೆಗೆ ತೆರುವವರು ಮಕ್ಕಳೇ; ಜೂನಿನ ಪುಸ್ತಕದಲ್ಲಿ, ಮಳೆಗಾಲದ ಔಷಧದಲ್ಲಿ ಅದನ್ನು ತೆರುತ್ತಾರೆ. ಈ ವರ್ಷದ ಹಬ್ಬಕ್ಕೆ ಮೊದಲು ಒಂದು ಸಂಜೆ ನಿಮ್ಮ ತಂದೆತಾಯಿಗಳ ಬಳಿ ಕಾಗದ ಪೆನ್ಸಿಲು ಹಿಡಿದು ಕುಳಿತುಕೊಳ್ಳಿರಿ. ಕಳೆಯುವ ಲೆಕ್ಕವನ್ನು ಶಾಲೆಯಲ್ಲಿ ಕಲಿಸಿದುದು ಪರೀಕ್ಷೆಗಾಗಿ ಮಾತ್ರವಲ್ಲ.